ಪ್ಯಾನೆಲ್ ಕೊಳ್ಳುವ ಮೊದಲು ಲೆಕ್ಕ ಮಾಡಿ, ಕನ್ನಡದಲ್ಲೇ ಮಾಡಿ

ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ, ಮಲಗಲು, ಅಡುಗೆ ಮಾಡಲು ಅನುಕೂಲವಿರುವ ವ್ಯಾನುಗಳ ಸುದ್ದಿ ನಮ್ಮ ಕಾಸರಗೋಡಿನ ಕಡೆಯೂ ಕೇಳಿಬರುತ್ತಿದೆ. ಅದರ ಬೆನ್ನಿಗೇ ಒಂದು ಮಾತೂ ಹರಡಿದೆ: "ಮಾಡಿಗೊಂದು ಸೋಲಾರ್ ಪ್ಯಾನೆಲ್ ಹಾಕಿದರೆ ಸಾಕು, ಎ.ಸಿ.ಯೂ ಪುಕ್ಕಟೆ ನಡೆಯುತ್ತದೆ." ಇದಕ್ಕಿಂತ ಹಳೆಯ ಇನ್ನೊಂದು ಮಾತಿದೆ: "ಇಂಥದ್ದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ, ಕನ್ನಡದ ಮಕ್ಕಳಿಗೆ ಆಗುವುದಲ್ಲ." ಎರಡೂ ಸುಳ್ಳು! ಒಂದೇ ಲೆಕ್ಕದಿಂದ ಎರಡನ್ನೂ ಒಡೆಯಬಹುದು.

ಲೆಕ್ಕ ಇಷ್ಟೇ. 40 ವ್ಯಾಟ್‌ನ ಸಣ್ಣ ಫ್ರಿಜ್ ದಿನಕ್ಕೆ 12 ಗಂಟೆ ಓಡಿದರೆ 480 ವ್ಯಾಟ್-ಗಂಟೆ. 20 ವ್ಯಾಟ್‌ನ ಫ್ಯಾನ್ 8 ಗಂಟೆಗೆ 160. 5 ವ್ಯಾಟ್‌ನ ಎರಡು ದೀಪ 5 ಗಂಟೆಗೆ 50. ಮೊಬೈಲಿಗೆ 30. ಒಟ್ಟು 720.

200 ವ್ಯಾಟ್ ಪ್ಯಾನೆಲಿಗೆ ದಿನಕ್ಕೆ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಕಾವು, ಧೂಳು, ವಯರುಗಳಲ್ಲಿ ನೂರಕ್ಕೆ 30 ಕಳೆದರೆ ಉಳಿಯುವುದು 630. ಸಾಲದು! 300 ವ್ಯಾಟ್ ಬೇಕು. ಆಟಿಯ ಮಳೆಗೆ ಅದೂ ಸಾಲದು. ತೆಂಗಿನ ಗರಿಯ ನೆರಳು ಪ್ಯಾನೆಲಿನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಬಹಳ ಇಳಿಯುತ್ತದೆ.

ಬ್ಯಾಟರಿಯದ್ದೂ ಹಾಗೆಯೇ. 12 ವೋಲ್ಟ್, 100 ಆಂಪಿಯರ್-ಗಂಟೆ ಎಂದರೆ 1200 ವ್ಯಾಟ್-ಗಂಟೆ. ಸೀಸ-ಆಮ್ಲದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಅಂದರೆ 600. ನಮ್ಮ ಒಂದು ದಿನಕ್ಕೇ ಸಾಲದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ನೂರಕ್ಕೆ 80 ಧಾರಾಳವಾಗಿ ಬಳಸಬಹುದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಇಬ್ಬನಿ ಹೆಪ್ಪುಗಟ್ಟುವ ಊಟಿಯ ಕಡೆಯ ನಮ್ಮವರು ಇದನ್ನು ನೆನಪಿಡಲಿ.

ಇನ್ನು ಎ.ಸಿ.! 1000 ವ್ಯಾಟ್‌ನಂತೆ ರಾತ್ರಿ 6 ಗಂಟೆ ನಡೆದರೆ 6000 ವ್ಯಾಟ್-ಗಂಟೆ. ಅದಕ್ಕೆ ಸುಮಾರು 1900 ವ್ಯಾಟ್‌ನ ಪ್ಯಾನೆಲ್, ಅಂದರೆ ಒಂಬತ್ತು ಚದರ ಮೀಟರಿಗೂ ಮಿಕ್ಕ ಜಾಗ ಬೇಕು. ಸಣ್ಣ ವ್ಯಾನಿನ ಮಾಡಿನಲ್ಲಿ ಅಷ್ಟು ಜಾಗ ಎಲ್ಲಿದೆ? ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಗುಣಾಕಾರ, ಭಾಗಾಕಾರ, ಶೇಕಡಾ... ಇದರಲ್ಲಿ ಇಂಗ್ಲಿಷ್ ಎಲ್ಲಿ ಬಂತು? ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ಎಂದು ಹೈಸ್ಕೂಲಿನಲ್ಲಿ ನಾವೇ ಕನ್ನಡದಲ್ಲಿ ಕಲಿಸುತ್ತೇವೆ. 300 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 25 ಆಂಪಿಯರ್. ಸಪುರ ವಯರು ಹಾಕಿದರೆ ಬಿಸಿಯಾಗಿ ಬೆಂಕಿಯೇ ಹತ್ತೀತು. ಬ್ಯಾಟರಿಯ ಧನ ತುದಿಯ ಹತ್ತಿರವೇ ಫ್ಯೂಸ್ ಇರಬೇಕು. ಚಾರ್ಜ್ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಜೋಡಿಸಬೇಕು. ಬಿಚ್ಚುವಾಗ ಮೊದಲು ಪ್ಯಾನೆಲ್. ಇಷ್ಟನ್ನು ಕನ್ನಡದಲ್ಲಿ ಹೇಳಲಾಗದೇ?

ತಪ್ಪು ಭಾಷೆಯದ್ದಲ್ಲ, ಪರೀಕ್ಷೆಗೆಂದು ಸೂತ್ರ ಬಾಯಿಪಾಠ ಮಾಡಿಸಿ, ಮಕ್ಕಳ ಕೈಗೆ ಮಲ್ಟಿಮೀಟರ್ ಕೊಡದ ವ್ಯವಸ್ಥೆಯದ್ದು. ಎಸ್.ಎಸ್.ಎಲ್.ಸಿ. ಮುಗಿಸಿ ವಯರಿಂಗ್ ಕೆಲಸಕ್ಕೆ, ವರ್ಕ್‌ಶಾಪಿಗೆ ಹೋಗುವ ನಮ್ಮ ಹುಡುಗರ ಅನ್ನದ ಪ್ರಶ್ನೆಯಿದು. ಹೆತ್ತವರೇ, ಮುಂದಿನ ಪಿ.ಟಿ.ಎ. ಸಭೆಯಲ್ಲಿ ಶಾಲೆಗೊಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ಒಂದು ಮಲ್ಟಿಮೀಟರ್ ಕೇಳಿ. ಕನ್ನಡ ಶಾಲೆ ಉಳಿಯಲಿ ಎಂದು ಭಾಷಣ ಮಾಡುವವರು ಮೊದಲು ಅಷ್ಟನ್ನು ಕೊಡಿಸಲಿ.