ಮಾತ್ರೆ ಪುಕ್ಕಟೆ ಸಿಕ್ಕರೆ ಸಾಲದು, ಹೊಟ್ಟೆಯೂ ತುಂಬಬೇಕು



ಭದ್ರಾವತಿ ಹಳೇನಗರದ ಒಂದು ಮನೆ. ಕಿಟಕಿಯಲ್ಲಿ ಮಾತ್ರೆ ಡಬ್ಬಿ, ಅದರ ಪಕ್ಕ ಒಬ್ಬರಿಗೇ ಎಂದು ಬೇರೆ ಇಟ್ಟ ತಟ್ಟೆ, ಲೋಟ. ಆ ಮನೆಯ ಹೆಣ್ಣುಮಗಳು ರಾತ್ರಿ ಅಂಗಾಲಿನ ಉರಿ ತಾಳಲಾರದೆ ತಣ್ಣೀರಿನ ಬಕೆಟ್‌ನಲ್ಲಿ ಕಾಲಿಟ್ಟು ಕೂರುತ್ತಾಳೆ. "ಮಾತ್ರೆ ಬಿಟ್ಟುಬಿಡಲಾ?" ಎನ್ನುತ್ತಾಳೆ.

ಆಕೆಗಿರುವುದು ಎಂ.ಡಿ.ಆರ್. ಟಿ.ಬಿ. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯ. ಔಷಧಿ ಅರ್ಧಕ್ಕೆ ನಿಂತು ಹೀಗಾಗುವುದುಂಟು. ಇನ್ನೊಬ್ಬ ರೋಗಿಯಿಂದ ಗಾಳಿಯಲ್ಲಿ ನೇರವಾಗಿ ಅಂಟುವುದೂ ಉಂಟು. ರೋಗಿಯನ್ನು ದೂರಬೇಡಿ. ತಟ್ಟೆ, ಲೋಟದಿಂದ ಟಿ.ಬಿ. ಹರಡುವುದಿಲ್ಲ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ, ಅಷ್ಟೇ.

ಈ ಕಾಯಿಲೆಗೆ ಹಿಂದೆ 18–20 ತಿಂಗಳು ಮಾತ್ರೆ ನುಂಗಬೇಕಿತ್ತು. ಬೆಡಾಕ್ವಿಲಿನ್, ಪ್ರಿಟೊಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಕೂಡಿದ 6 ತಿಂಗಳ ಚಿಕಿತ್ಸೆಗೆ 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಲಿನೆಜೋಲಿಡ್‌ನಿಂದ ಅಂಗಾಲು ಉರಿ, ರಕ್ತಹೀನತೆ, ಕಣ್ಣು ಮಂಜು ಬರಬಹುದು. ಬೇಗ ತಿಳಿಸಿದರೆ ವೈದ್ಯರು ದಾರಿ ಮಾಡುತ್ತಾರೆ. ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಮಾತ್ರೆ ಕಿಟಕಿಯಲ್ಲೇ ಉಳಿಯುತ್ತದೆ.

ಇನ್ನು ಊಟದ ಮಾತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ರೋಗಿಗಳಿಗೆ ತಿಂಗಳು ತಿಂಗಳು ಅಕ್ಕಿ, ಕಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5 ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ಮನೆಮಂದಿಗೂ ಅಕ್ಕಿ, ಬೇಳೆ ಸಿಕ್ಕಾಗ ಅವರಲ್ಲಿ ಟಿ.ಬಿ. ಶೇ. 39ರಷ್ಟು ತಗ್ಗಿತು.

ಟಿ.ಬಿ. ರೋಗಿಯ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ದಿನಕ್ಕೆ ಸುಮಾರು 33 ರೂಪಾಯಿ. ಕಾಗದ ಕಾರ್ಖಾನೆ ನಿಂತ ಭದ್ರಾವತಿಯಲ್ಲಿ ಎಷ್ಟೋ ಮನೆಗಳಿಗೆ ದಿನಗೂಲಿಯೇ ಆಧಾರ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಒಮ್ಮೆ ಹೋಗಿಬಂದರೆ ಬಸ್ ಚಾರ್ಜು ಹೋಯಿತು, ಆ ದಿನದ ಕೂಲಿಯೂ ಹೋಯಿತು.

ಆದ್ದರಿಂದ ನಮ್ಮ ಒತ್ತಾಯ:

1. ಎಂ.ಡಿ.ಆರ್. ರೋಗಿಯ ಇಡೀ ಮನೆಗೆ ಚಿಕಿತ್ಸೆ ಮುಗಿಯುವವರೆಗೆ ಆಹಾರ ಕಿಟ್ ಸಿಗಬೇಕು.

2. ಇ.ಸಿ.ಜಿ., ರಕ್ತ, ಕಣ್ಣು, ನರದ ತಪಾಸಣೆ ಭದ್ರಾವತಿಯಲ್ಲೇ ಆಗಬೇಕು. ಶಿವಮೊಗ್ಗಕ್ಕೆ ಕರೆಸಿದರೆ ಬಸ್ ಚಾರ್ಜು ಕೊಡಬೇಕು.

3. ಮನಸ್ಸು ಕುಗ್ಗಿದವರ ಮಾತು ಕೇಳಲು ಆಪ್ತಸಮಾಲೋಚಕರು ವಾರಕ್ಕೊಮ್ಮೆಯಾದರೂ ಮನೆಗೆ ಬರಬೇಕು.

4. ಕಾಯಿಲೆಯ ಕಾರಣಕ್ಕೆ ಯಾರ ಕೆಲಸವೂ ಹೋಗಬಾರದು.

ಅಡಿಕೆ ಮಂಡಿಯ ವರ್ತಕರೇ, ಮಾಚೇನಹಳ್ಳಿಯ ಕಾರ್ಖಾನೆ ಮಾಲೀಕರೇ, ಮಠ, ಮಸೀದಿ, ಚರ್ಚುಗಳ ಹಿರಿಯರೇ, ಸ್ತ್ರೀಶಕ್ತಿ ಸಂಘದ ಅಕ್ಕಂದಿರೇ, 'ನಿಕ್ಷಯ್ ಮಿತ್ರ'ರಾಗಿ ಒಂದೊಂದು ಮನೆಯ ಹೊಣೆ ಹೊರಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಉಚಿತ ಸಹಾಯವಾಣಿ: 1800-11-6666.

ಹಳೇನಗರದ ಆ ತಂಗಿಗೆ ನಾವು ಹೇಳಿದ್ದು ಇಷ್ಟು: "ಮಾತ್ರೆ ಬಿಡಬೇಡಮ್ಮ, ನಾಳೆ ಡಾಕ್ಟರ ಹತ್ತಿರ ನಾವೂ ಬರ್ತೀವಿ." ನಿಮ್ಮ ಬೀದಿಯಲ್ಲೂ ಈ ಮಾತಿಗೆ ಕಾದಿರುವವರು ಇರಬಹುದು. ಹೋಗಿ ಹೇಳಿ.

— ಶಿವಮೊಗ್ಗ, ಭದ್ರಾವತಿಯ ಟಿ.ಬಿ. ರೋಗಿಗಳ ಮನೆಯವರು ಮತ್ತು ಗೆಳೆಯರು

(ಓದಿ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.)