ರಾತ್ರಿ ಒಂದರ ಅನುಮತಿ, ಸಂಜೆಯ ಆದಾಯ

2024ರಲ್ಲಿ ರಾಜ್ಯ ಸರ್ಕಾರವು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಹೋಟೆಲ್, ಬಾರ್ ಮತ್ತು ಕ್ಲಬ್‌ಗಳಿಗೆ ರಾತ್ರಿ ಒಂದು ಗಂಟೆಯವರೆಗೆ ವ್ಯವಹಾರ ನಡೆಸಲು ಅನುಮತಿ ನೀಡಿತು. ಉದ್ಯಮದ ಬಹುಕಾಲದ ಬೇಡಿಕೆಯೊಂದು ಈಡೇರಿದ್ದು ಸ್ವಾಗತಾರ್ಹವೇ. ಆದರೆ ಇಂದಿರಾನಗರದ ನೂರಡಿ ರಸ್ತೆಯ ದೊಡ್ಡ ಪಬ್‌ಗೆ ಲಾಭ ತರುವ ನಿಯಮವು ಕುಕ್ ಟೌನ್‌ನ ಸಣ್ಣ ಉಪಾಹಾರ ಗೃಹಕ್ಕೂ ಲಾಭ ತರುತ್ತದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡಿದವರು ವಿರಳ.

ಕುಕ್ ಟೌನ್ ಮೂಲತಃ ವಸತಿ ಬಡಾವಣೆ. 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶವು ಬೆಳೆಯುತ್ತಾ ಹೋದಂತೆ ರೂಪುಗೊಂಡ ಇಲ್ಲಿನ ಬೀದಿಗಳು ಕಿರಿದು, ಹಳೆಯ ಮನೆಗಳು ಹಲವು. ಬೇಕರಿ, ಕಾಫಿ ಅಂಗಡಿ, ಸಣ್ಣ ಭೋಜನಾಲಯಗಳೇ ಇಲ್ಲಿನ ವ್ಯಾಪಾರ. ನಗರಕ್ಕೆ ಬರುವ ಪ್ರವಾಸಿಗರು ಹಳೆಯ ದಂಡಿನ ವಾತಾವರಣವನ್ನು ಅರಸಿ ಇತ್ತ ಬರುವುದುಂಟು.

ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸಬಹುದು. ಭೋಜನಾಲಯವೊಂದು ರಾತ್ರಿ 11.30ರ ಬದಲು 1 ಗಂಟೆಗೆ ಮುಚ್ಚಿ, ಆ ಅವಧಿಯಲ್ಲಿ ತಲಾ 400 ರೂ. ವೆಚ್ಚ ಮಾಡುವ 15 ಗ್ರಾಹಕರನ್ನು ಪಡೆಯಿತೆನ್ನೋಣ. ಮಾರಾಟ 6,000 ರೂ.; ಶೇ. 40ರ ಸಾಮಗ್ರಿ ವೆಚ್ಚ ಕಳೆದರೆ ಉಳಿಯುವುದು 3,600 ರೂ. ಐವರು ನೌಕರರ ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರದಲ್ಲಿ 1,300, ಅವರನ್ನು ಮನೆ ತಲುಪಿಸಲು 1,000, ವಿದ್ಯುತ್, ಅನಿಲ ಮತ್ತು ಕಾವಲಿಗೆ 700 ರೂ. ಎಂದರೆ ಒಟ್ಟು ವೆಚ್ಚ 3,000. ಉಳಿತಾಯ ಕೇವಲ 600 ರೂ. ಗ್ರಾಹಕರ ಸಂಖ್ಯೆ 12ಕ್ಕೆ ಇಳಿದರೆ 120 ರೂ. ನಷ್ಟ. ಬಾಡಿಗೆಯು ಸ್ಥಿರ ವೆಚ್ಚವಾದುದರಿಂದ ಹೆಚ್ಚು ಹೊತ್ತು ತೆರೆದಷ್ಟೂ ಲಾಭವೆಂಬ ಭಾವನೆ ಇಷ್ಟು ಸೂಕ್ಷ್ಮ ಅಂತರದ ಮೇಲೆ ನಿಂತಿದೆ.

ಕಾನೂನಿನ ಅಂಶವೂ ಗಮನಾರ್ಹ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳನ್ನು ದಿನದ 24 ಗಂಟೆಯೂ ತೆರೆಯಲು 2021ರ ಜನವರಿಯಲ್ಲಿ ಮೂರು ವರ್ಷಗಳ ಅವಧಿಗೆ ಹೊರಡಿಸಿದ ಅಧಿಸೂಚನೆಯು ಹತ್ತು ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸಿತ್ತು. ಹೆಚ್ಚುವರಿ ದುಡಿಮೆಗೆ ಅದು ವಿಧಿಸಿದ ಮಿತಿ ಮೂರು ತಿಂಗಳಿಗೆ 50 ಗಂಟೆ. ದಿನಕ್ಕೆ ಒಂದೂವರೆ ಗಂಟೆಯಂತೆ ತಿಂಗಳಿಗೆ 26 ದಿನ ದುಡಿದರೆ ಮೂರು ತಿಂಗಳಿಗೆ 117 ಗಂಟೆಯಾಗುತ್ತದೆ. ಅಂತಹ ಮಿತಿಯನ್ನು ಪಾಲಿಸಬೇಕಾದರೆ ಎರಡನೆಯ ಪಾಳಿ ಅನಿವಾರ್ಯ. ಅದು ಸಣ್ಣ ಮಾಲೀಕನ ಶಕ್ತಿಗೆ ಮೀರಿದ್ದು.

ಹಾಗಾದರೆ ಆದಾಯದ ದಾರಿ ಯಾವುದು? ಸಂಜೆ ಆರರಿಂದ ಹತ್ತರವರೆಗಿನ ಅವಧಿಯೇ ಅದು. ನೆರೆಯ ಫ್ರೇಜರ್ ಟೌನ್‌ನ ಮಾಸ್ಕ್ ರಸ್ತೆಗೆ ರಂಜಾನ್ ಸಂಜೆಗಳಲ್ಲಿ ನಗರದ ಎಲ್ಲೆಡೆಯಿಂದ ಎಲ್ಲ ಮತದ ಜನರೂ ಬರುತ್ತಾರೆ. ಸೆಪ್ಟೆಂಬರ್ 8ರ ಸಂತ ಮೇರಿ ಹಬ್ಬಕ್ಕೆ ಶಿವಾಜಿನಗರ ತುಂಬಿ ತುಳುಕುತ್ತದೆ. ಮದ್ಯದ ನೆರವಿಲ್ಲದೆಯೇ ಜನರನ್ನು ಸೆಳೆಯುವ ಸಂದರ್ಭಗಳಿವು. ಇಟಲಿಯ ಪುರಾತನ ನಗರ ವೆರೋನಾ ಕೂಡ ಇದೇ ಪಾಠ ಹೇಳುತ್ತದೆ. ಅಲ್ಲಿನ ರೋಮನ್ ಕಾಲದ ಬಯಲು ರಂಗಮಂದಿರದಲ್ಲಿ 1913ರಲ್ಲಿ ಆರಂಭವಾದ ಬೇಸಿಗೆಯ ಅಪೆರಾ ಉತ್ಸವಕ್ಕಾಗಿ ಪ್ರವಾಸಿಗರು ಆ ಊರಿನಲ್ಲಿ ರಾತ್ರಿ ತಂಗುತ್ತಾರೆ. ಪ್ರವಾಸಿಗನನ್ನು ಹಿಡಿದು ನಿಲ್ಲಿಸುವುದು ಅಂಗಡಿ ಮುಚ್ಚುವ ವೇಳೆಯಲ್ಲ, ನೋಡಲು ಕೇಳಲು ಏನಾದರೂ ಇರುವುದು.

ಇದಕ್ಕೆ ತೆರಿಗೆ ಅಡ್ಡಿಯಾಗಿಲ್ಲ. ತಲಾ 500 ರೂ. ಮೀರದ ಪ್ರವೇಶ ದರದ ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ. ಅಡ್ಡಿಯಿರುವುದು ಪರವಾನಗಿಯಲ್ಲಿ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳ ನಿಯಂತ್ರಣಕ್ಕೆಂದು ಬೆಂಗಳೂರಿನಲ್ಲಿ ಜಾರಿಯಾದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಅನಂತರ ಪೊಲೀಸರು ಕ್ರಮ ಕೈಗೊಂಡಾಗ, ಕಟ್ಟಡದ ಸ್ವಾಧೀನಾನುಭವ ಪತ್ರ ಒದಗಿಸಲಾಗದ ಮಾಲೀಕರು ಸಂಗೀತವನ್ನೇ ನಿಲ್ಲಿಸಬೇಕಾಯಿತು. ಹಳೆಯ ಮನೆಯ ಜಗಲಿಯಲ್ಲಿ ಧ್ವನಿವರ್ಧಕವಿಲ್ಲದೆ ವೀಣೆಯನ್ನೋ ಗಿಟಾರನ್ನೋ ನುಡಿಸುವವನನ್ನೂ ಡಿಸ್ಕೊಥೆಕ್ ಮಾಲೀಕನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ನಿವಾಸಿಗಳ ಆಕ್ಷೇಪವನ್ನು ವ್ಯಾಪಾರ ವಿರೋಧವೆಂದು ತಳ್ಳಿಹಾಕಲಾಗದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್, ವಾಣಿಜ್ಯ ಪ್ರದೇಶದ್ದು 55. ಮನೆಗಳ ನಡುವೆ ಅಂಗಡಿ ಇಟ್ಟವನಿಗೆ ನೆರೆಯವರ ನಿದ್ರೆಯೂ ಬಂಡವಾಳವೇ. ಅದನ್ನು ಕೆಡಿಸಿದವನಿಗೆ ದೂರು, ನೋಟಿಸು, ವಕೀಲರ ಶುಲ್ಕಗಳೇ ಬಡ್ಡಿ. ಹತ್ತರೊಳಗೆ ಮುಗಿಯುವ ಕಾರ್ಯಕ್ರಮವು ಈ ಸಂಘರ್ಷವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಆಟೋಗಳ ಒಂದೂವರೆ ಪಟ್ಟು ರಾತ್ರಿ ದರವೂ ಹತ್ತಕ್ಕೇ ಆರಂಭವಾಗುವುದರಿಂದ ಗ್ರಾಹಕನಿಗೂ ಇದು ಅನುಕೂಲ.

ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದೆ ಮೂರು ಬೇಡಿಕೆಗಳನ್ನು ಇಡುವುದು ಉಚಿತ. ಧ್ವನಿವರ್ಧಕವಿಲ್ಲದೆ ಹತ್ತರೊಳಗೆ ಮುಗಿಯುವ ಸಣ್ಣ ಕಾರ್ಯಕ್ರಮಗಳಿಗೆ ಅಗ್ನಿ ಸುರಕ್ಷತೆಯನ್ನು ಬಿಟ್ಟುಕೊಡದೆ ಸರಳ ಪರವಾನಗಿ. ಮುಚ್ಚುವ ವೇಳೆಯನ್ನು ಇಡೀ ನಗರಕ್ಕೆ ಒಂದೇ ಎನ್ನದೆ ರಸ್ತೆಯ ಸ್ವರೂಪಕ್ಕೆ ತಕ್ಕಂತೆ ನಿಗದಿಪಡಿಸುವುದು. ಬೀದಿದೀಪ, ಪಾದಚಾರಿ ಮಾರ್ಗ ಮತ್ತು ರಾತ್ರಿ ಬಸ್ಸಿಗೆ ಆದ್ಯತೆ. ಸದಸ್ಯರು ಕೂಡ ತಡರಾತ್ರಿಯ ವಹಿವಾಟಿಗೆ ಬಂಡವಾಳ ಹೂಡುವ ಮೊದಲು ಒಂದು ತಿಂಗಳ ಕಾಲ ಗಂಟೆವಾರು ಮಾರಾಟವನ್ನು ಬರೆದಿಡುವುದು ಒಳಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ರಾತ್ರಿಯ ವ್ಯಾಪಾರಕ್ಕೂ ಸಲ್ಲುತ್ತದೆ.