ವೇಗಕ್ಕೂ ಒಂದು ಸಂಘ ಬೇಕು

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಸಂಜೆ, ನಮ್ಮಲ್ಲಿ ಹಿಂದೆ ಓದಿದ್ದ ನಾಲ್ವರು ತರುಣರು ಮನೆಗೆ ಬಂದರು. ಒಬ್ಬನದು ಕಾಫಿ ತೋಟ, ಮತ್ತೊಬ್ಬನದು ಮೋಟಾರು ದುರಸ್ತಿಯ ಗ್ಯಾರೇಜು, ಉಳಿದಿಬ್ಬರು ಉದ್ಯೋಗದಲ್ಲಿರುವವರು. ನಮ್ಮ ಊರಿನಲ್ಲಿ ಕಾರುಪ್ರಿಯರ ಸಂಘವೊಂದನ್ನು ಕಟ್ಟಿ ಮೋಟಾರು ಪಂದ್ಯಗಳನ್ನು ನಡೆಸಬೇಕೆಂಬುದು ಅವರ ಹಂಬಲ. ಅದಕ್ಕೆ ನಾವು ಅಧ್ಯಕ್ಷರಾಗಬೇಕೆಂಬುದು ಅವರ ಬೇಡಿಕೆ. “ನೀವು ಫಿಸಿಕ್ಸ್ ಮೇಷ್ಟ್ರು, ಸಾರ್. ನಿಮ್ಮ ಹೆಸರಿದ್ದರೆ ಊರಿನವರು ನಮ್ಮನ್ನು ಪೋಲಿಗಳು ಅನ್ನೋದಿಲ್ಲ” ಎಂದು ಗ್ಯಾರೇಜಿನವನು ನಗುತ್ತ ಹೇಳಿದ.

ನಾವು ನಗಲಿಲ್ಲ, ಒಪ್ಪಲೂ ಇಲ್ಲ. ಅದಕ್ಕೆ ಕಾರಣವಿತ್ತು. ಅದಕ್ಕೆ ಎರಡು ವರ್ಷ ಮೊದಲು, ಊರ ಹೊರಗಿನ ಬೈಪಾಸ್ ರಸ್ತೆಯಲ್ಲಿ ಗೆಳೆಯರೊಡನೆ ಪಣ ಕಟ್ಟಿ ನಡುರಾತ್ರಿ ಕಾರು ಓಡಿಸಿದ ನಮ್ಮ ವಿದ್ಯಾರ್ಥಿಯೊಬ್ಬ ತಿರುವಿನಲ್ಲಿ ಹತೋಟಿ ತಪ್ಪಿ ತೀರಿಕೊಂಡಿದ್ದ. ಅವನ ಲೆಕ್ಕದ ಪುಸ್ತಕ ಇಂದಿಗೂ ನಮ್ಮ ವಿಭಾಗದ ಬೀರುವಿನಲ್ಲಿದೆ. ಅದನ್ನು ಕೊಂಡೊಯ್ಯಲು ಮನೆಯಿಂದ ಯಾರೂ ಬರಲಿಲ್ಲ. ಕೊಟ್ಟು ಬರುವ ಧೈರ್ಯ ನಮಗೂ ಆಗಲಿಲ್ಲ. ವೃತ್ತಾಕಾರ ಚಲನೆಯ ಲೆಕ್ಕಗಳನ್ನೆಲ್ಲ ಅವನು ಅದರಲ್ಲಿ ತಪ್ಪಿಲ್ಲದೆ ಮಾಡಿದ್ದಾನೆ.

ತರುಣರನ್ನು ಬೀಳ್ಕೊಟ್ಟ ಮೇಲೆ ನಮ್ಮ ಮನಸ್ಸನ್ನು ಕೊರೆದದ್ದು ಇದೇ ವಿಷಯ. 50 ಮೀಟರು ತ್ರಿಜ್ಯದ ಸಮತಟ್ಟಾದ ತಿರುವೊಂದನ್ನು ಊಹಿಸಿಕೊಳ್ಳಿ. ಕಾರನ್ನು ಆ ತಿರುವಿನಲ್ಲಿ ಹಿಡಿದಿಡುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆಯೊಂದೇ. ಒಣ ರಸ್ತೆಯಲ್ಲಿ ಘರ್ಷಣಾಂಕ 0.7 ಎಂದಿಟ್ಟುಕೊಂಡರೆ, ಗಂಟೆಗೆ ಸುಮಾರು 67 ಕಿಲೋಮೀಟರಿನವರೆಗೆ ಕಾರು ರಸ್ತೆ ಬಿಡುವುದಿಲ್ಲ. ಒಂದು ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿಯಿತೆನ್ನಿ; ಮಿತಿ 50 ಕಿಲೋಮೀಟರಿಗೆ ಬಂದು ನಿಲ್ಲುತ್ತದೆ. ಈ ಲೆಕ್ಕದಲ್ಲಿ ಕಾರಿನ ತೂಕವಾಗಲಿ, ಬೆಲೆಯಾಗಲಿ, ಚಾಲಕನ ಧೈರ್ಯವಾಗಲಿ ಎಲ್ಲಿಯೂ ಬರುವುದಿಲ್ಲ. ನಾವು ಇದನ್ನು ಪ್ರತಿವರ್ಷ ಕಲಿಸುತ್ತೇವೆ. ಹುಡುಗರು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಆದರೆ ಕರಿಹಲಗೆಯ ಮೇಲಿನ ಸೂತ್ರ ಕಾರಿನ ಪೆಡಲಿನ ಮೇಲಿರುವ ಪಾದಕ್ಕೆ ಇಳಿಯುವುದಿಲ್ಲ. ಈಜುವುದನ್ನು ಪುಸ್ತಕದಿಂದ ಕಲಿಸಿ, ತುಂಬಿದ ಹೊಳೆಯ ದಡದಲ್ಲಿ ಬಿಟ್ಟುಬಂದಂತೆ ಇದು. ಭೌತವಿಜ್ಞಾನದ ಬೇರೆಲ್ಲ ಪಾಠಗಳಿಗೂ ಪ್ರಯೋಗಶಾಲೆಯಿದೆ. ವೇಗದ ಪಾಠಕ್ಕೆ ಮಾತ್ರ ನಾವು ಹುಡುಗರಿಗೆ ಬಿಟ್ಟಿರುವ ಪ್ರಯೋಗಶಾಲೆ ಸಾರ್ವಜನಿಕ ರಸ್ತೆ.

ಇಲ್ಲಿಂದಲೇ ನಮ್ಮ ಅಭಿಪ್ರಾಯ ಬದಲಾಗತೊಡಗಿತು. ಮೋಟಾರು ಸಂಘವೆಂಬುದು ವೇಗದ ಹುಚ್ಚನ್ನು ಬೆಳೆಸುವ ಸಂಸ್ಥೆಯೆಂದು ನಾವು ಭಾವಿಸಿದ್ದೆವು. ಅದರ ಚರಿತ್ರೆಯನ್ನು ನೋಡಿದರೆ ಸಂಗತಿ ಬೇರೆಯೇ ಆಗಿದೆ. 1894ರ ಜುಲೈ 22ರಂದು ಫ್ರಾನ್ಸಿನಲ್ಲಿ ಪ್ಯಾರಿಸ್ಸಿನಿಂದ ರುವಾನ್ ಪಟ್ಟಣಕ್ಕೆ ಮೋಟಾರು ಪಂದ್ಯವೊಂದು ನಡೆಯಿತು. ಪ್ರಪಂಚದ ಮೊದಲನೆಯ ಮೋಟಾರು ಪಂದ್ಯವೆಂದು ಅದನ್ನು ಎಣಿಸುವುದುಂಟು. ಅಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ್ದು ದ ದಿಯೋನ್ ಎಂಬ ಕೌಂಟ್ ಓಡಿಸಿದ ಉಗಿವಾಹನ. ಆದರೆ ಮೊದಲನೆಯ ಬಹುಮಾನ ಅವನಿಗೆ ಸಿಕ್ಕಲಿಲ್ಲ! ಅಪಾಯವಿಲ್ಲದೆ, ಸುಲಭವಾಗಿ, ಕಡಿಮೆ ಖರ್ಚಿನಲ್ಲಿ ನಡೆಯುವ ಬಂಡಿಗೆ ಬಹುಮಾನವೆಂದು ವ್ಯವಸ್ಥಾಪಕರು ಮೊದಲೇ ಸಾರಿದ್ದರು; ಕೌಂಟನ ಬಂಡಿಗೆ ಬೆಂಕಿ ಉರಿಸಲು ಇನ್ನೊಬ್ಬ ಆಳು ಬೇಕಾಗಿತ್ತು. ಬಹುಮಾನವನ್ನು ಪೆಟ್ರೋಲು ಎಂಜಿನಿನ ಬಂಡಿಗಳನ್ನು ತಯಾರಿಸಿದ ಪಾನಾರ್ ಮತ್ತು ಪ್ಯೂಜೋ ಸಂಸ್ಥೆಗಳಿಗೆ ಹಂಚಲಾಯಿತು. ಮರುವರ್ಷ ಪ್ಯಾರಿಸ್ಸಿನಿಂದ ಬೋರ್ಡೋ ನಗರಕ್ಕೆ ಹೋಗಿಬರುವ ಪಂದ್ಯವನ್ನು ಏರ್ಪಡಿಸಿದ ಮಂಡಲಿಯವರೇ 1895ರ ನವೆಂಬರಿನಲ್ಲಿ ಫ್ರಾನ್ಸಿನ ಆಟೊಮೊಬೈಲ್ ಕ್ಲಬ್ಬನ್ನು ಸ್ಥಾಪಿಸಿದರು.

ಹಾಗೆಂದು ಸಂಘವಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ನಾವು ಹೇಳುತ್ತಿಲ್ಲ. 1903ರಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ಹೊರಟ ಪಂದ್ಯ ಬೋರ್ಡೋ ದಾಟಲಿಲ್ಲ. ಚಾಲಕರಲ್ಲದೆ, ದಾರಿಯ ಇಕ್ಕೆಲಗಳಲ್ಲಿ ನಿಂತು ನೋಡುತ್ತಿದ್ದವರೂ ಸತ್ತರು. ಸರ್ಕಾರ ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿತು. 1955ರಲ್ಲಿ ಲ ಮಾನ್ ಪಂದ್ಯದಲ್ಲಿ ಕಾರೊಂದು ಸಿಡಿದು ಜನರ ನಡುವೆ ನುಗ್ಗಿ 80ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಈ ದುರಂತಗಳಿಂದ ಸಂಘಗಳು ಪಾಠ ಕಲಿತವು ಎಂಬುದೇ ಇಲ್ಲಿ ಮುಖ್ಯ. ಪಂದ್ಯಗಳು ತೆರೆದ ರಸ್ತೆಯನ್ನು ಬಿಟ್ಟು ಮುಚ್ಚಿದ ಪಥಗಳಿಗೆ ಸರಿದವು. ಅದಕ್ಕೆಂದೇ ಕಟ್ಟಿದ ಪಥ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸಿನಲ್ಲಿ 1907ರಲ್ಲಿ ತೆರೆಯಿತು. ಪ್ರೇಕ್ಷಕರನ್ನು ದೂರವಿಡುವ ಕಟ್ಟೆಗಳು, ಶಿರಸ್ತ್ರಾಣ, ಬಾವುಟಗಳ ಸಂಕೇತ, ಪಂದ್ಯಕ್ಕೆ ಮುನ್ನ ವಾಹನದ ತಪಾಸಣೆ ಇವೆಲ್ಲ ಒಂದೊಂದಾಗಿ ಕಡ್ಡಾಯವಾದವು. ಬೈಪಾಸ್ ರಸ್ತೆಯ ನಡುರಾತ್ರಿಯ ಪಣಕ್ಕಾದರೋ ನೆನಪೂ ಇಲ್ಲ, ನಿಯಮಾವಳಿಯೂ ಇಲ್ಲ. ಅಲ್ಲಿ ಪ್ರತಿಯೊಬ್ಬನೂ ಮೊದಲಿನಿಂದಲೇ ಕಲಿಯಬೇಕು, ಕೆಲವರು ಕಲಿಯಲು ಉಳಿಯುವುದಿಲ್ಲ.

ನಮ್ಮ ದೇಶಕ್ಕೂ ಇಂತಹ ಸಂಘಗಳು ಹೊಸವಲ್ಲ. ಮದ್ರಾಸಿನ ಮೋಟಾರು ಕ್ರೀಡಾ ಸಂಘ 1953ರಲ್ಲಿ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿರ್ಮಿಸಿದ್ದ ಶೋಲಾವರಂ ವಿಮಾನದಾರಿಯಲ್ಲಿ ಅದು ಬಹುಕಾಲ ಪಂದ್ಯಗಳನ್ನು ನಡೆಸಿ, ಮುಂದೆ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ತನ್ನದೇ ಪಥವನ್ನು ಕಟ್ಟಿಕೊಂಡಿತು. ಇಂತಹ ಸಂಘಗಳ ಒಕ್ಕೂಟ 1971ರಲ್ಲಿ ಹುಟ್ಟಿತು. ಇಡೀ ದೇಶದ ಮೋಟಾರು ಕ್ರೀಡೆಗೆ ನಿಯಮಗಳನ್ನು ಹಾಕಿಕೊಡುವುದು ಅದೇ. ನಮ್ಮ ನಾಡಿನಲ್ಲಿಯೂ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸಿದ ‘ಕೆ-1000’ ರ‍್ಯಾಲಿ ಹೆಸರಾಗಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿಯೂ ರ‍್ಯಾಲಿಗಳು ನಡೆದಿವೆ.

ಮೋಟಾರು ಪಂದ್ಯವೆಂದರೆ ಕಿವಿ ಕಿವುಡಾಗಿಸುವ ಓಟವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಹೊಸ ಸಂಘವೊಂದು ಅಲ್ಲಿಂದ ಪ್ರಾರಂಭಿಸಬೇಕಾಗಿಯೇ ಇಲ್ಲ. ಕಾಲ–ವೇಗ–ದೂರದ ರ‍್ಯಾಲಿ ಎಂಬುದೊಂದಿದೆ. ಇದರಲ್ಲಿ ಚಾಲಕನೊಬ್ಬ, ದಾರಿ ಹೇಳುವ ಜೊತೆಗಾರನೊಬ್ಬ. ಇಂತಿಷ್ಟು ಸರಾಸರಿ ವೇಗದಲ್ಲಿ, ಗೊತ್ತಾದ ದಾರಿಯಲ್ಲಿ ಹೋಗಬೇಕು. ವೇಗವೂ ಕಾನೂನಿನ ಮಿತಿಯೊಳಗೇ. ನಡುವೆ ಎಲ್ಲೋ ಕುಳಿತ ಕಾಲಮಾಪಕರು ಕಾರು ಬಂದ ಗಳಿಗೆಯನ್ನು ಸೆಕೆಂಡಿನ ಲೆಕ್ಕದಲ್ಲಿ ಗುರುತಿಸುತ್ತಾರೆ. ತಡವಾಗಿ ಬಂದರೆ ದಂಡ, ಬೇಗ ಬಂದರೂ ದಂಡ. ಬೇಗ ಬಂದವನಿಗೇ ಹೆಚ್ಚು ದಂಡ ಹಾಕುವ ಪಂದ್ಯಗಳೂ ಉಂಟು. ಅವಸರವನ್ನು ಅಪರಾಧವೆಂದು ಎಣಿಸುವ ಮೋಟಾರು ಪಂದ್ಯವೊಂದಿದೆಯೆಂದು ತಿಳಿದಾಗ ನಮಗೇ ಆಶ್ಚರ್ಯವಾಯಿತು.

ಇದರಲ್ಲಿ ಅಡಗಿರುವ ಭೌತವಿಜ್ಞಾನವೂ ಸೊಗಸಾದುದು. ಕಾರಿನ ದೂರಮಾಪಕ ಅಳೆಯುವುದು ದೂರವನ್ನಲ್ಲ, ಗಾಲಿಯ ಸುತ್ತುಗಳನ್ನು. 30 ಸೆಂಟಿಮೀಟರು ತ್ರಿಜ್ಯದ ಗಾಲಿ ಸವೆದು 29.5 ಸೆಂಟಿಮೀಟರಾಯಿತೆನ್ನೋಣ. ಮಾಪಕ 60 ಕಿಲೋಮೀಟರು ತೋರಿಸಿದಾಗ ಕಾರು ನಿಜವಾಗಿ ಕ್ರಮಿಸಿರುವುದು 59 ಮಾತ್ರ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಆ ಒಂದು ಕಿಲೋಮೀಟರಿಗೆ 90 ಸೆಕೆಂಡು! ಅರ್ಧ ಸೆಂಟಿಮೀಟರು ರಬ್ಬರಿನ ಸವೆತ ಪಂದ್ಯವನ್ನೇ ಕಳೆಯಬಲ್ಲದು. ಮಾಪನದ ದೋಷವೆಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ನಮ್ಮ ಕಾಲೇಜಿನಲ್ಲಿಲ್ಲ.

ಆಕ್ಷೇಪಣೆಗಳಿಲ್ಲವೆ? ಇವೆ. ಇದು ಹಣವಂತರ ಆಟವೆಂಬುದು ಮೊದಲನೆಯದು. ಪಥದ ಓಟದ ಮಟ್ಟಿಗೆ ಇದು ನಿಜ. ರ‍್ಯಾಲಿಗಾದರೆ ಮನೆಮಂದಿಯ ಕಾರು, ಒಂದು ಗಡಿಯಾರ, ಒಂದು ಪೆನ್ಸಿಲು ಸಾಕು. ಇಂಧನ ಪೋಲಾಗುತ್ತದೆಯೆಂಬುದು ಎರಡನೆಯದು. 20 ಕಾರುಗಳು ತಲಾ 60 ಕಿಲೋಮೀಟರು ಓಡಿದರೆ, ಲೀಟರಿಗೆ 15 ಕಿಲೋಮೀಟರಿನಂತೆ 80 ಲೀಟರು ಪೆಟ್ರೋಲು. ಅದು ಏನೂ ಅಲ್ಲವೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಎರಡು ಮೂರು ಬಾರಿ ಆ ಬೆಲೆ ತೆರಬಹುದೆಂದಷ್ಟೇ ಹೇಳುತ್ತೇವೆ. ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾದುದು: ಸಂಘದಲ್ಲಿ ರುಚಿ ಹತ್ತಿಸಿಕೊಂಡವನು ರಸ್ತೆಯಲ್ಲಿ ಸುಮ್ಮನಿರುತ್ತಾನೆಯೆ? ಇದಕ್ಕೆ ಸಂಘದ ಕಟ್ಟುನಿಟ್ಟೇ ಉತ್ತರ. 1988ರ ಮೋಟಾರು ವಾಹನಗಳ ಅಧಿನಿಯಮದ 189ನೆಯ ಕಲಮಿನ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವುದು ಅಪರಾಧ. 2019ರ ತಿದ್ದುಪಡಿ ಶಿಕ್ಷೆಯನ್ನು ಮೂರು ತಿಂಗಳವರೆಗಿನ ಸೆರೆವಾಸ, 5000 ರೂಪಾಯಿವರೆಗಿನ ಜುಲ್ಮಾನೆ ಅಥವಾ ಎರಡಕ್ಕೂ ಏರಿಸಿದೆ. ಆದರೆ ನಡುರಾತ್ರಿಯ ಬೈಪಾಸಿನಲ್ಲಿ ಕಾನೂನಿನ ಕಣ್ಣು ಎಲ್ಲೆಡೆ ಇರಲಾರದು. ಜೊತೆಯವರೆದುರು ಸದಸ್ಯತ್ವ ಕಳೆದುಕೊಳ್ಳುವ ಅವಮಾನಕ್ಕೆ ತರುಣರು ಜುಲ್ಮಾನೆಗಿಂತ ಹೆಚ್ಚು ಅಂಜುತ್ತಾರೆಂಬುದು ಮೇಷ್ಟ್ರಾಗಿ ನಾವು ಕಂಡ ಸತ್ಯ.

ಹೀಗಾಗಿ ಒಂದು ತಿಂಗಳ ಬಳಿಕ ಆ ತರುಣರನ್ನು ಕರೆಸಿ, ಮೂರು ಷರತ್ತುಗಳ ಮೇಲೆ ಅಧ್ಯಕ್ಷತೆಯನ್ನು ಒಪ್ಪಿಕೊಂಡೆವು. ಮೊದಲನೆಯದು, ಸಂಘ ಕಾಗದದ ಮೇಲೆ ನೆಟ್ಟಗಿರಬೇಕು: 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಏಳು ಮಂದಿ ಸೇರಿ ನೋಂದಾಯಿಸಿ, ರಾಷ್ಟ್ರೀಯ ಒಕ್ಕೂಟದ ನಿಯಮಗಳಿಗೆ ಒಳಪಟ್ಟು, ಅನುಮತಿ ಪಡೆದೇ ಪಂದ್ಯ ನಡೆಸಬೇಕು, ಆಂಬುಲೆನ್ಸ್ ಬಂದು ನಿಲ್ಲದೆ ಒಂದು ಎಂಜಿನೂ ಶುರುವಾಗಕೂಡದು. ಎರಡನೆಯದು, ಸೇರುವವರು ಯಾರೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಮೊದಲ ವರ್ಷ ಕಾರು ಓಡಿಸಕೂಡದು. ಮಾರ್ಷಲ್ಲಾಗಿ ಬಾವುಟ ಹಿಡಿಯಬೇಕು, ಕಾಲ ಅಳೆಯಬೇಕು, ಬ್ರೇಕು ಟೈರುಗಳ ತಪಾಸಣೆ ಕಲಿಯಬೇಕು. ಕಾರಿಲ್ಲದವರಿಗೂ ಇದರಿಂದ ಸಂಘದ ಬಾಗಿಲು ತೆರೆಯುತ್ತದೆ. ಮೂರನೆಯದು, ರಸ್ತೆಯಲ್ಲಿ ಪಣ ಕಟ್ಟಿದವನ ಹೆಸರನ್ನು ಅಂದೇ ತೆಗೆದುಹಾಕಬೇಕು. ಎರಡನೆಯ ಷರತ್ತಿಗೆ ಒಂದಿಷ್ಟು ಗೊಣಗಾಟವಾಯಿತು. ನಾವು ಸಡಿಲಿಸಲಿಲ್ಲ.

ಸಂಘದ ಮೊದಲನೆಯ ಕಾರ್ಯಕ್ರಮ ಪಂದ್ಯವಾಗಿರಲಿಲ್ಲ. ಊರಾಚೆಯ ಬಯಲೊಂದರಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಗ್ಯಾರೇಜಿನವನ ಕಾರನ್ನು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಓಡಿಸಿದೆವು. ಬಾವುಟ ಬಿದ್ದ ಜಾಗದಿಂದ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆಯೆಂದು ಎಲ್ಲರೂ ಮುಂಚೆಯೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹೆಚ್ಚಿನವರು ಬರೆದದ್ದು 10, 12 ಮೀಟರು. ಟೇಪು ಹಿಡಿದು ಅಳೆದಾಗ ಬಂದದ್ದು 24. ಬಾವುಟವನ್ನು ಕಂಡು ಬ್ರೇಕು ಒತ್ತುವುದರೊಳಗೇ ಕಾರು 11 ಮೀಟರು ಓಡಿರುತ್ತದೆಂಬುದನ್ನು ಯಾರೂ ಗಣನೆಗೆ ತಂದುಕೊಂಡಿರಲಿಲ್ಲ. “80ರಲ್ಲಿ ಹೋದರೆ ಎಷ್ಟು ಸಾರ್, 48 ಅಲ್ಲವೆ?” ಎಂದು ಕಾಫಿ ತೋಟದವನು ಕೇಳಿದ. ಲೆಕ್ಕ ಮಾಡಿ ನೋಡೆಂದೆವು. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟು. ಅಲ್ಲೇ ನೆಲದ ಮೇಲೆ ಕಡ್ಡಿಯಿಂದ ಬರೆದು ಕೂಡಿಸಿದ: 74 ಮೀಟರು. ಹೆಜ್ಜೆ ಹಾಕುತ್ತ ಅಷ್ಟು ದೂರ ನಡೆದುಹೋಗಿ, ಅಲ್ಲಿ ನಿಂತು ನಮ್ಮತ್ತ ತಿರುಗಿ ನೋಡಿದ. 80ರಲ್ಲಿ ಓಡಿಸಿ ನೋಡೋಣವೆಂದು ಆಮೇಲೆ ಯಾರೂ ಕೇಳಲಿಲ್ಲ.

ಆ ಹುಡುಗನಿಗೂ ಇಂತಹದೊಂದು ಸಂಜೆ ಸಿಕ್ಕಿದ್ದರೆ ಅವನು ಬದುಕುತ್ತಿದ್ದನೆಂದು ಹೇಳಲು ನಮ್ಮಿಂದಾಗದು. ಸಿಕ್ಕಿರಲಿಲ್ಲ ಎಂಬುದು ಮಾತ್ರ ನಿಜ. ವೇಗದ ಆಸೆ ತಾರುಣ್ಯದೊಡನೆ ಬರುವಂಥದು. ಬೈಗುಳದಿಂದ ಅದು ಹೋಗದು. ಹೋಗದ ಆಸೆಗೆ ಒಂದು ಬಯಲು, ಒಂದು ಗಡಿಯಾರ, ಬಾವುಟ ಹಿಡಿದು ನಿಂತ ನಾಲ್ಕು ಮಂದಿ ಹಿರಿಯರನ್ನು ಒದಗಿಸುವುದು ಪ್ರತಿಯೊಂದು ಊರಿಗೂ ಸಾಧ್ಯ. ಕಾಲೇಜುಗಳಲ್ಲಿರುವ ನಮ್ಮ ಸಹೋದ್ಯೋಗಿಗಳನ್ನು ಇಂತಹ ತರುಣರು ಕೇಳಿಕೊಂಡು ಬಂದಾಗ, ನಮ್ಮಂತೆ ಒಂದು ತಿಂಗಳು ತಡಮಾಡದಿರಲಿ.